ಶುಕ್ರವಾರ ಮಗಳನ್ನು ಕಳಿಸುವುದಿಲ್ಲ

ಆಗೆಲ್ಲ ನಮ್ಮ ಬೆಳಗಾವಿಯಲ್ಲಿ ಚುನಾವಣೆ ಬಂತೆಂಬುದು ಕಿವಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಓಣಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ಹಳೆಯ ಎಣ್ಣೆ ಡಬ್ಬಿಯಲ್ಲಿ ಮೈದಾಹಿಟ್ಟಿನ ಅಂಟು ಕುದಿಸುತ್ತಿದ್ದರು. ಅದರ ಹುಳಿ ವಾಸನೆ, ಗೋಡೆಗೆ ಬಳಿದ ಹಸಿ ಸುಣ್ಣದ ವಾಸನೆ, ಆಗಷ್ಟೇ ಅಚ್ಚಾಗಿ ಬಂದ ಚೀಟಿಗಳ ಶಾಯಿ ವಾಸನೆ, ಮೂರೂ ಸೇರಿದರೆ ನಮಗೆ ಹಬ್ಬ. ಚೀಟಿ ಯಾರದ್ದಾದರೂ ನಡೆಯುತ್ತಿತ್ತು. ಹಿಂಬದಿ ಖಾಲಿ ಇದ್ದರೆ ಸಾಕು, ಲೆಕ್ಕ ಬಿಡಿಸಲು ಬರುತ್ತಿತ್ತು. ಆರಿಸಿ ತಂದು ನಮ್ಮ ನಮ್ಮ ಕಟ್ಟು ಕಟ್ಟಿಕೊಳ್ಳುತ್ತಿದ್ದೆವು, ಯಾರ ಕಟ್ಟು ದಪ್ಪವೋ ಅವರು ಆ ವಾರದ ಸಾಹುಕಾರರು.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಓಣಿ ಕೋಟೆಯ ಕಡೆಗಿತ್ತು. ಸಂಜೆಯಾದರೆ ಕಂದಕದ ಕಡೆಯಿಂದ ತಂಪು ಗಾಳಿ ಬರುತ್ತಿತ್ತು, ಬೇಸಿಗೆಯಲ್ಲೂ ಹೆಂಗಸರು ಸೆರಗು ಹೊದ್ದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಆ ಓಣಿಯ ನಡುವೆ ನನ್ನ ಗಂಗಾ ಅತ್ತೆಯ ಖಾನಾವಳಿ. ಅತ್ತೆ ಎಂದರೆ ಅಪ್ಪನ ಅಕ್ಕ. ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ, ಹಾಗಾಗಿ ನಾನು ಯಾವ ಮನೆಯ ಹುಡುಗಿ ಎಂಬುದು ಊಟದ ಹೊತ್ತಿನಲ್ಲಿ ಮಾತ್ರ ನಿರ್ಧಾರವಾಗುತ್ತಿತ್ತು, ಯಾವ ಮನೆಯಲ್ಲಿ ಪಲ್ಯ ಚೆನ್ನಾಗಿದೆಯೋ ಆ ಮನೆಯ ಹುಡುಗಿ. ಅತ್ತೆಯ ಗಂಡ, ನಮ್ಮ ಮಾಮಾ, ಹಿಟ್ಟು ನಾದುವವರು. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಉಳಿದ ಮಾತನ್ನೆಲ್ಲ ಅತ್ತೆ ಆಡುತ್ತಿದ್ದಳು. ಊರಿನ ಭಾಷೆಯ ಜಗಳ ಎಲ್ಲರಿಗೂ ಗೊತ್ತಿದ್ದದ್ದೇ, ಅದನ್ನು ನಾನು ಹೇಳಬೇಕಾಗಿಲ್ಲ. ಅತ್ತೆಯ ಖಾನಾವಳಿಯಲ್ಲಿ ಮರಾಠಿಯಲ್ಲಿ ಭಾಕರಿ ಕೇಳಿದವರಿಗೂ ಕನ್ನಡದಲ್ಲಿ ರೊಟ್ಟಿ ಕೇಳಿದವರಿಗೂ ಒಂದೇ ಹಂಚಿನಿಂದ ಬರುತ್ತಿತ್ತು.

ಅವಳು ಚುನಾವಣೆಗೆ ನಿಂತದ್ದು ನಳದ ದೆಸೆಯಿಂದ. ಇಡೀ ಓಣಿಗೆ ಇದ್ದದ್ದು ಒಂದೇ ನಳ. ಬೆಳಗಿನ ಜಾವ ಕೊಡಗಳ ಸಾಲು, ಆಮೇಲೆ ಜಗಳ, ಆಮೇಲೆ ನೀರು ನಿಲ್ಲುವುದು. ಪ್ರತಿ ಸಲ ಓಟು ಕೇಳಲು ಬಂದವರು ಇನ್ನೊಂದು ನಳ ಹಾಕಿಸುತ್ತೇವೆ ಎನ್ನುವರು, ಗೆದ್ದಮೇಲೆ ಓಣಿಯ ದಾರಿಯನ್ನೇ ಮರೆಯುವರು. ಒಂದು ದಿನ ಯಾರೋ ಹೆಂಗಸು ಬೇಸತ್ತು ಅಂದಳಂತೆ.

"ಗಂಗಕ್ಕಾ, ಈ ಗಂಡಸರ ಮಾರಿ ನೋಡಿ ನೋಡಿ ಸಾಕಾತು. ನೀನ ನಿಂದರ."

"ನಾ ನಿಂತರ ಖಾನಾವಳಿಯಾಗ ಬಡಸಾಕ ಯಾರ ನಿಂದರತಾರ?"

"ನಾವ ನಿಂದರತೀವಿ."

ಹಾಗೆ ಅತ್ತೆ ನಿಂತಳು. ಅವಳಿಗೆ ಸಿಕ್ಕ ಗುರುತು ಚಹಾದ ಕಪ್ಪು-ಬಶಿ. ಕೆಮ್ಮಣ್ಣು ಕಲಸಿ ಓಣಿಯ ಗೋಡೆಗಳಿಗೆಲ್ಲ ಕಪ್ಪು-ಬಶಿ ಬರೆದವರು ನಾವು ಮಕ್ಕಳು. ನನ್ನ ಕಪ್ಪುಗಳು ಕೊಡದ ಹಾಗೆ ಕಾಣುತ್ತಿದ್ದವು, ಆದರೂ ಯಾರೂ ಅಳಿಸಲಿಲ್ಲ. ಅತ್ತೆ ಗೆದ್ದಳು. ಗೆದ್ದ ದಿನ ಬಂದವರಿಗೆಲ್ಲ ಚಹಾ ಕೊಟ್ಟಳು. ಅಷ್ಟಕ್ಕೆ ಮುಗಿಯಿತೆಂದು ನಾವು ತಿಳಿದಿದ್ದೆವು.

ಮುಗಿದಿರಲಿಲ್ಲ. ಗೆದ್ದ ಕಾರ್ಪೊರೇಟರುಗಳೆಲ್ಲ ಸಭೆಯಲ್ಲಿ ಕೂತು, ಕೈ ಎತ್ತಿ, ತಮ್ಮೊಳಗೊಬ್ಬರನ್ನು ಮೇಯರ್ ಮಾಡಬೇಕಿತ್ತು. ಎರಡು ಬಣ, ಹೆಚ್ಚುಕಡಿಮೆ ಸಮ ಬಲ. ಒಂದು ಬಣದ ದೊಡ್ಡವರು ತಮ್ಮಲ್ಲಿ ಯಾರು ಮೇಯರ್ ಆಗಬೇಕೆಂದು ಜಗಳಾಡಿ ಜಗಳಾಡಿ ದಣಿದು, ಕಡೆಗೆ ನಿಮಗೂ ಬೇಡ ನಮಗೂ ಬೇಡ, ಗಂಗಕ್ಕ ಆಗಲಿ ಎಂದುಬಿಟ್ಟರು. ಅವಳ ಕೈಯೂ ಸೇರಿದರೆ ಒಂದೇ ಒಂದು ಕೈಯಷ್ಟು ಮೇಲಾಗುತ್ತಿತ್ತು. ಅವಳು ಬರದಿದ್ದರೆ ಆಟ ಮುಗಿದಂತೆ. ಓಣಿಗೆ ನಳ ಬರುವುದು ಬಿಡುವುದು ಆ ಒಂದು ಕೈಯ ಮೇಲೆ ನಿಂತಿತ್ತು.

ಆಗಿನ ಪದ್ಧತಿ ಹೇಳಬೇಕು. ಮೇಯರ್ ಚುನಾವಣೆ ಹತ್ತಿರ ಬಂದಿತೆಂದರೆ ಕಾರ್ಪೊರೇಟರುಗಳು ಊರಿನಿಂದ ಮಾಯವಾಗುತ್ತಿದ್ದರು. ಎದುರಿನವರು ಬಂದು ಆಸೆ ತೋರಿಸಿ ಎಳೆದುಕೊಂಡು ಹೋಗಬಾರದೆಂದು ಆಯಾ ಬಣದವರು ತಮ್ಮವರನ್ನು ಗೋವೆಯ ಕಡೆಗೋ ಯಾರದೋ ತೋಟಕ್ಕೋ ಕರೆದೊಯ್ದು ಬಚ್ಚಿಡುತ್ತಿದ್ದರು. ಅತ್ತೆಯನ್ನೂ ಕರೆಯಲು ಬಸಣ್ಣ ಕಾಕಾ ಬಂದರು. ಇವರು ನಮ್ಮ ಓಣಿಯ ಕಾಳಿನ ವ್ಯಾಪಾರಿ, ಪಾರಿಶ್ವಾಡದವರು. ಅತ್ತೆಯ ಚುನಾವಣೆಗೆ ತಮ್ಮ ಜೀಪು ಕೊಟ್ಟು, ಜೀಪಿನ ಜೊತೆಗೆ ತಮ್ಮನ್ನೂ ಕೊಟ್ಟವರು.

"ಗಂಗಕ್ಕಾ, ಎಲ್ಲಾರೂ ಗೋವಾಕ್ಕ ಹೊಂಟಾರ. ಹಾಟೆಲಿನ್ಯಾಗ ಖೋಲಿ ಹಿಡದಾರ."

"ಅಷ್ಟ ಗಂಡಸರ ಜೋಡಿ ನಾ ಹಾಟೆಲಿನ್ಯಾಗ ಹೋಗಿ ಇರಲ್ಯಾ? ನಾ ತವರಮನಿಗೆ ಹೊಕ್ಕೀನಿ. ಅಲ್ಲಿಂದ ನನ್ನ ಯಾರ ಎಳಕೊಂಡ ಹೋಗತಾರ ನೋಡೂಣು."

ಈ ಮಾತು ಎಷ್ಟು ಖರೆಯಾಗುತ್ತದೆಂದು ಆಗ ಅವಳಿಗೂ ಗೊತ್ತಿರಲಿಲ್ಲ. ನನಗೆ ಬೇಸಿಗೆ ರಜೆ. ಅತ್ತೆಯ ಸೆರಗು ಹಿಡಿದು ನಾನೂ ಹೊರಟೆ.

ಅತ್ತೆಯ ತವರುಮನೆ ಎಂದರೆ ಖಾನಾಪುರ ತಾಲೂಕಿನ ಬೀಡಿಯಲ್ಲಿದ್ದ ನಮ್ಮ ಹಿರಿಮನೆ. ಅಲ್ಲಿ ದೊಡ್ಡಪ್ಪ, ದೊಡ್ಡವ್ವ, ಮತ್ತು ಅಮ್ಮ ಇದ್ದರು. ನಮ್ಮ ಮನೆಯಲ್ಲಿ ಹೆತ್ತವಳನ್ನು ಅವ್ವ ಎಂದೂ ಅಪ್ಪನ ತಾಯಿಯನ್ನು ಅಮ್ಮ ಎಂದೂ ಕರೆಯುವ ರೂಢಿ. ಅಮ್ಮ ಸಣ್ಣ ಆಳು. ಹಣೆಯ ತುಂಬ ವಿಭೂತಿ, ಬಾಯಲ್ಲಿ ಎಲೆ ಅಡಿಕೆ. ದೊಡ್ಡಪ್ಪನಂಥ ಎತ್ತರದ ಗಂಡಸು ಅವಳ ಎದುರು ಬಾಗಿಲ ಚೌಕಟ್ಟಿಗಿಂತ ಕೆಳಗೆ ಬಾಗಿಯೇ ಮಾತಾಡುತ್ತಿದ್ದ.

ಆ ಕೆಲವು ದಿನಗಳು ನನ್ನ ನೆನಪಿನಲ್ಲಿ ಒಂದಕ್ಕೊಂದು ಕರಗಿ ಹೋಗಿವೆ. ಯಾವುದು ಮೊದಲು ಯಾವುದು ಆಮೇಲೆ ಹೇಳಲಾರೆ. ಅಟ್ಟದ ಮೇಲೆ ಹುಲ್ಲಿನಲ್ಲಿ ಮಾವಿನಕಾಯಿ ಹಣ್ಣಾಗುತ್ತಿದ್ದವು, ಅದರ ವಾಸನೆ ನಿದ್ದೆಯೊಳಗೂ ಬರುತ್ತಿತ್ತು. ಮಧ್ಯಾಹ್ನ ಕಾಡಿನ ಕಡೆಯ ಹೆಂಗಸರು ಎಲೆಯ ಪೊಟ್ಟಣದಲ್ಲಿ ಕವಳೆಹಣ್ಣು ಮಾರಲು ಬರುತ್ತಿದ್ದರು. ತಿಂದು ನಾಲಿಗೆ ಕಪ್ಪಾದವರು ಪರಸ್ಪರ ನಾಲಿಗೆ ತೋರಿಸಿಕೊಂಡು ನಗುತ್ತಿದ್ದೆವು. ಪಡಸಾಲೆಯ ಸೆಗಣಿ ಸಾರಿಸಿದ ನೆಲದ ಮೇಲೆ ಸುಣ್ಣದಿಂದ ಮನೆ ಬರೆದು ಹುಣಸೆಬೀಜದ ಚೌಕಾಬಾರಾ. ಹೊರಗೆ ಬಿಸಿಲು ಬೆಳ್ಳಗೆ ನಿಂತಿರುತ್ತಿತ್ತು. ಒಳಗೆ ಹೆಂಗಸರು ಶಾವಿಗೆ ಹೊಸೆಯುತ್ತಿದ್ದರು. ಬೆಳಗಾವಿಯ ಮೇಯರ್ ಆಗಬೇಕಾದ ನಮ್ಮ ಅತ್ತೆ, ಕಾಲು ಚಾಚಿ ಕೂತು, ಎಳೆ ಎಳೆಯಾಗಿ ಶಾವಿಗೆ ಬಿಡುತ್ತ, ಹಾಡಿನಂಥ ಏನನ್ನೋ ಗುನುಗುತ್ತಿದ್ದಳು. ಅವಳ ತಲೆಯ ಕೂದಲಿಗೆಲ್ಲ ಹಿಟ್ಟು. ಎದುರುಮನೆಯ ತಾನೀಬಾಯಿ ಬಂದು ಕೂಡುತ್ತಿದ್ದಳು. ಆಕೆಯದು ಮರಾಠಿ ಮನೆ. ಆಕೆ ಮರಾಠಿಯಲ್ಲಿ ಕೇಳುವುದು, ಅಮ್ಮ ಕನ್ನಡದಲ್ಲಿ ಹೇಳುವುದು, ನಡುವೆ ಇಬ್ಬರೂ ಸೇರಿ ನಗುವುದು.

"ಗಂಗಾ, ಮೇಯರ್ ಅಂದ್ರ ಏನ ಗ?" ಎಂದು ಒಮ್ಮೆ ತಾನೀಬಾಯಿ ತನ್ನ ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದಳು.

"ಊರಿನ ಯಜಮಾನಕಿ ಇದ್ದಂಗ, ಕಾಕೂ. ನಳ, ಗಟಾರ, ದೀಪ, ಎಲ್ಲಾ ನೋಡಕೋಬೇಕು."

"ಅದನ್ನ ಮನಿಯಾಗ ಮಾಡಾಕ ಹತ್ತೀದಿ. ಮತ್ತ ಅಷ್ಟ ದೂರ ಯಾಕ ಹೋಗಬೇಕು?"

ಅತ್ತೆ ನಕ್ಕಳು. ಆದರೆ ಅವಳ ಆಸೆ ನನಗೆ ಗೊತ್ತಿತ್ತು. ಮಲಗುವಾಗ ನನ್ನ ತಲೆ ಸವರುತ್ತ, ನಳ ಎಲ್ಲೆಲ್ಲಿ ಹಾಕಿಸಬೇಕು ಎಂದು ಓಣಿಯ ತುದಿಯಿಂದ ತುದಿಗೆ ಹೇಳುತ್ತಿದ್ದಳು. ಗುಡಿಯ ಹತ್ತಿರ ಒಂದು, ಬಾವಿಯ ತಿರುವಿನಲ್ಲಿ ಒಂದು, ಖಾನಾವಳಿಯ ಮುಂದೆ ಮಾತ್ರ ಬೇಡ, ಜನ ಆಡಿಕೊಳ್ಳುತ್ತಾರೆ. ಕೇಳುತ್ತ ಕೇಳುತ್ತ ನನ್ನ ನಿದ್ದೆಯಲ್ಲಿ ಎಲ್ಲ ಗೋಡೆಗಳಿಂದಲೂ ನೀರು ಸುರಿಯುತ್ತಿತ್ತು.

ಸಭೆ ಶನಿವಾರ ಎಂದಿತ್ತು. ಗುರುವಾರ ಸಂಜೆ, ದನ ಮನೆಗೆ ಬರುವ ಧೂಳಿನಲ್ಲಿ, ಬಸಣ್ಣ ಕಾಕಾನ ಜೀಪು ಬಂದು ನಿಂತಿತು.

"ಗಂಗಕ್ಕಾ, ಸಭಾ ಒಂದ ದಿನ ಮದಲ ಇಟ್ಟಾರ. ನಾಳಿಗೆ ಮುಂಜಾನೆ ಒಂಬತ್ತಕ್ಕ. ಈಗ ಹೊಂಡೂಣು ಬರ್ರಿ."

ಅತ್ತೆ ಎದ್ದು ನಿಂತಳು. ಅಮ್ಮ ಏಳಲಿಲ್ಲ.

"ನಾಳಿಗೆ ಯಾವ ವಾರ?"

"ಶುಕ್ರವಾರ ಯವ್ವಾ," ಎಂದ ದೊಡ್ಡಪ್ಪ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

"ಶುಕ್ರವಾರ ಮಗಳನ್ನ ತವರಮನಿಯಿಂದ ಕಳಸೂದಿಲ್ಲ."

"ಅದಕ್ಕ ಈಗ ಹೊಂಟೀವಿ ಅಮ್ಮಾರ, ಇನ್ನೂ ಗುರುವಾರ ಐತಲ್ಲ," ಎಂದರು ಬಸಣ್ಣ ಕಾಕಾ.

ಅಮ್ಮ ಎದ್ದು ಒಳಗೆ ಹೋಗಿ ದೇವರ ಜಗುಲಿಯ ಮೇಲೆ ದೀಪ ಹಚ್ಚಿ, ಕೈ ಮುಗಿದು, ಹೊರಗೆ ಬಂದು ಮತ್ತೆ ಮೊದಲಿನ ಜಾಗದಲ್ಲೇ ಕೂತಳು. "ದೀಪ ಹಚ್ಚಿದ ಮ್ಯಾಲ ಹೆಣ್ಣಮಕ್ಕಳನ್ನ ಹೊಸ್ತಿಲಾ ದಾಟಸೂದಿಲ್ಲ. ಬಸಣ್ಣಾ, ಕೈಕಾಲ ತೊಳಕೋ, ಊಟ ಮಾಡು."

ನಮ್ಮ ಗುರುವಾರ ಅಲ್ಲಿಗೆ ಮುಗಿಯಿತು. ಬಸಣ್ಣ ಕಾಕಾ ಕಟ್ಟೆಯ ಮೇಲೆ ಕುಸಿದು ಕೂತರು. ದೊಡ್ಡಪ್ಪ ಧೈರ್ಯ ಮಾಡಿ ಅಂದ.

"ಯವ್ವಾ, ಕೊರಳಾಗ ಲಿಂಗ ಕಟ್ಟಿಕೊಂಡು ವಾರ ನೋಡತಿಯಲ್ಲ. ಇದು ನಮ್ಮ ಮಂದಿಗೆ ಸಲ್ಲೂದಿಲ್ಲ."

"ಲಿಂಗಕ್ಕ ಹೆಣ್ಣಮಕ್ಕಳಿಲ್ಲ. ನನಗ ಅದಾವ."

ನನಗೆ ಅಮ್ಮನ ಮೇಲೆ ಬಹಳ ಸಿಟ್ಟು ಬಂತು. ಇಷ್ಟು ದೊಡ್ಡ ಊರಿನ ಮೇಯರ್ ಸ್ಥಾನ ಒಂದು ವಾರದ ಹೆಸರಿಗೆ ಹೋಗುವುದೇ? ಅಡುಗೆಮನೆಗೆ ಹೋಗಿ ದೊಡ್ಡವ್ವನ ಹತ್ತಿರ ಅಳುತ್ತ ದೂರಿದೆ. ದೊಡ್ಡವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಮೆತ್ತಗೆ ಹೇಳಿದಳು. ಅತ್ತೆಗಿಂತ ಮೊದಲು ಅಮ್ಮನಿಗೆ ಇನ್ನೊಬ್ಬಳು ಮಗಳಿದ್ದಳು, ಸಿದ್ದವ್ವ. ಬಾಣಂತನ ಮುಗಿಸಿದವಳನ್ನು ಗಂಡನ ಮನೆಯವರು ಅವಸರ ಮಾಡಿದರೆಂದು ಒಂದು ಶುಕ್ರವಾರ ಗಾಡಿ ಕಟ್ಟಿ ಕಳಿಸಿದ್ದರು. ಆ ಮಳೆಗಾಲದಲ್ಲೇ ಜ್ವರ ಬಂದು ಅವಳು ತೀರಿಹೋದಳು. ಅಮ್ಮ ಅವಳ ಮುಖವನ್ನು ಮತ್ತೆ ನೋಡಲಿಲ್ಲ. "ಆಕಿ ಹೋಗಿದ್ದು ಜ್ವರದಿಂದ. ಆದ್ರ ನಿಮ್ಮ ಅಮ್ಮಗ ಶುಕ್ರವಾರ ಅಷ್ಟ ನೆನಪ ಉಳದೈತಿ," ಎಂದು ದೊಡ್ಡವ್ವ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಆಮೇಲೆ ನನಗೆ ಸಿಟ್ಟು ಮಾಡಲೂ ಬರಲಿಲ್ಲ, ಬಿಡಲೂ ಬರಲಿಲ್ಲ.

ಉಪಾಯ ಹೂಡಿದ್ದು ದೊಡ್ಡಪ್ಪ. ಹೊರಡುವ ದಿನ ಚೆನ್ನಾಗಿಲ್ಲವೆಂದರೆ ಹಿಂದಿನ ದಿನವೇ ಗಂಟುಮೂಟೆ ಬಾಜು ಮನೆಯಲ್ಲಿ ಇಟ್ಟುಬರುವುದು ಹಳೆಯ ಪದ್ಧತಿ. ಅಲ್ಲಿಗೆ ಪಯಣ ಹೊರಟಂತೆಯೇ ಲೆಕ್ಕ. "ಗಂಟ ಅಷ್ಟ ಯಾಕ, ಗಂಗವ್ವನ್ನೂ ಇಟ್ಟ ಬರೂಣು. ತಾನೀಬಾಯಿ ಮನಿಯಾಗ ಮಲಗಲಿ. ಗುರುವಾರ ನಮ್ಮ ಮನಿಯಿಂದ ಹೋಗ್ಯಾಳ, ಶುಕ್ರವಾರ ಅವರ ಮನಿಯಿಂದ ಹೊಂಡತಾಳ. ಅದೇನ ತವರಮನಿ ಅಲ್ಲಲ್ಲ." ಹೊಸ್ತಿಲು ದಾಟುವ ಮಾತಿಗೆ, ಎದುರುಮನೆಗೆ ಹೋಗುವುದು ಹೋಗುವುದೇ ಅಲ್ಲ ಎಂದು ವಾದ ಮಾಡಿದ. ಅಮ್ಮ ಬಹಳ ಹೊತ್ತು ಎಲೆ ಅಗಿದು, ಕಡೆಗೆ ಹೂಂ ಅಂದಳು. ನಾನೂ ಅತ್ತೆಯೂ ಓಣಿ ದಾಟಿ ತಾನೀಬಾಯಿಯ ಮನೆಗೆ ಹೋದೆವು.

ತಾನೀಬಾಯಿಗೆ ಸ್ವರ್ಗ ಮೂರೇ ಗೇಣು. ಹೆಣ್ಣುಮಕ್ಕಳಿಲ್ಲದ ಮನೆ ಅದು. ಬೆಲ್ಲ ಹಾಕಿ ಶಾವಿಗೆ ಪಾಯಸ ಮಾಡಿದಳು. ಪೆಟ್ಟಿಗೆಯ ತಳದಿಂದ ಒಂದು ಹಸಿರು ಕುಪ್ಪಸದ ಖಣ ತೆಗೆದಳು. ಅತ್ತೆಯನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ತೆಂಗಿನಕಾಯಿ, ಅರಿಷಿಣ ಕೊಂಬು ಇಟ್ಟು ಉಡಿ ತುಂಬಿದಳು. ಕಣ್ಣಲ್ಲಿ ನೀರು ತಂದುಕೊಂಡು, "ಮಾಝೀ ಲೇಕ್," ಎಂದಳು. ನನ್ನ ಮಗಳು ಎಂದು. ಅತ್ತೆಯೂ ಅತ್ತಳು. ಪಾಯಸ ತುಂಬ ಚೆನ್ನಾಗಿತ್ತು.

ಬೆಳಗಾಗುವ ಮೊದಲೇ ಬಸಣ್ಣ ಕಾಕಾ ಜೀಪು ಶುರು ಮಾಡಿದರು. ಅತ್ತೆ ಗಂಟು ಹಿಡಿದು ಬಂದಳು. ತಾನೀಬಾಯಿ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಎಲ್ಲಿ ಹೊಂಟಿ ಗ?"

"ಬೆಳಗಾವಿಗೆ, ಕಾಕೂ. ನಿನ್ನಿ ಮಾತಾಡಿದ್ವಲ್ಲ."

"ಅದು ಉಡಿ ತುಂಬೂಕಿಂತ ಮದಲಿನ ಮಾತು. ಈಗ ನೀ ನನ್ನ ಮಗಳ ಆದಿ. ಉಡಿ ತುಂಬೀನಿ, ಉಣ್ಣಾಕ ನೀಡೀನಿ. ಶುಕ್ರವಾರ ಮಗಳನ್ನ ಯಾರ ಕಳಸತಾರ?"

ಬಸಣ್ಣ ಕಾಕಾ ತಲೆಗೆ ಕೈ ಹಚ್ಚಿದರು. ದೊಡ್ಡಪ್ಪ ಓಡಿ ಬಂದ. ಮೂರನೆಯ ಮನೆಯ ಮುದುಕಿ ಹೊರಗೆ ಬಂದು, ನಮ್ಮ ಮನೆಗೆ ಬರಲಿ ಎಂದಳು, ಮರುಗಳಿಗೆ, ಬಂದರೆ ನಾನಾದರೂ ಬರಿಗೈಲಿ ಹ್ಯಾಗೆ ಕಳಿಸಲಿ, ನಾನೂ ಉಡಿ ತುಂಬಬೇಕಲ್ಲ ಎಂದಳು. ಆಗ ನಮಗೆ ತಿಳಿಯಿತು, ಈ ಊರಲ್ಲಿ ಅತ್ತೆಗೆ ತವರಲ್ಲದ ಮನೆಯೇ ಇಲ್ಲ. ಊರ ಮಗಳಿಗೆ ಊರೆಲ್ಲ ತವರು. ಒಂದು ಮನೆಯಿಂದ ಬಿಡಿಸಿಕೊಂಡರೆ ಇನ್ನೊಂದು ಮನೆ ಹಿಡಿದುಕೊಳ್ಳುತ್ತಿತ್ತು. ಮೂಡಲಲ್ಲಿ ಬೆಳಕು ಹರಿಯುತ್ತಿತ್ತು, ಜೀಪು ಗುಡುಗುಡು ಎನ್ನುತ್ತ ನಿಂತೇ ಇತ್ತು.

ಅತ್ತೆ ಓಣಿಯ ನಡುವೆ ನಿಂತು, ಎದುರು ಕಟ್ಟೆಯ ಮೇಲಿದ್ದ ಅಮ್ಮನನ್ನು ನೋಡಿದಳು. ಕಾರ್ಪೊರೇಷನ್ನಿನ ಇಂಜಿನಿಯರನ್ನು ನಿಲ್ಲಿಸಿ ಬೈಯುವ ಅತ್ತೆಯ ದನಿ ಅವತ್ತು ಎಷ್ಟು ಸಣ್ಣದಾಗಿತ್ತೆಂದರೆ, ನಾವೆಲ್ಲ ಕಿವಿಗೊಟ್ಟು ಕೇಳಬೇಕಾಯಿತು.

"ಯವ್ವಾ, ನಿನಗ ಸಮಾಧಾನ ಇಲ್ಲದ ನಾ ಹೋಗೂದಿಲ್ಲ. ಬ್ಯಾಡ ಅಂದ್ರ ಬ್ಯಾಡ. ಬಸಣ್ಣಾ, ನೀ ಹೋಗು."

ಹೇಳಿ, ಗಂಟನ್ನು ನೆಲಕ್ಕೆ ಇಟ್ಟಳು. ಅವಳು ಸುಮ್ಮನೆ ಹೇಳಿದ್ದಲ್ಲ. ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು, ಗುಡಿಯ ಹತ್ತಿರದ ನಳ, ಬಾವಿಯ ತಿರುವಿನ ನಳ, ಎಲ್ಲವನ್ನೂ ಅವಳು ಆ ಗಂಟಿನ ಜೊತೆಗೇ ಕೆಳಗಿಟ್ಟಿದ್ದಳು. ನಾನು ಜೋರಾಗಿ ಅತ್ತುಬಿಟ್ಟೆ.

ಅಮ್ಮ ಎದ್ದು ಒಳಗೆ ಹೋದಳು. ದೇವರ ಮುಂದೆ ಕೂಡಲು ಹೋದಳೆಂದು ತಿಳಿದೆವು. ಸ್ವಲ್ಪ ಹೊತ್ತಿಗೆ ಬಂದಳು. ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ, ಎಲೆ ಅಡಿಕೆ ಚಂಚಿ. ಸೀದಾ ಜೀಪಿನ ಹತ್ತಿರ ಹೋಗಿ, "ನನ್ನ ಹತ್ತಸು," ಎಂದು ದೊಡ್ಡಪ್ಪನಿಗೆ ಅಂದಳು.

"ನೀ ಎಲ್ಲಿಗೆ ಯವ್ವಾ?"

"ಆಕಿ ಜೋಡಿ. ಕಳಸೂದು ಅಂದ್ರ ಏನು? ನಾ ಇಲ್ಲೇ ಉಳದು ಆಕಿ ಹ್ವಾದ್ರ ಅದು ಕಳಸೂದು. ನಾನೂ ಬಂದ್ರ ಕಳಿಸಿದಂಗ ಆಗೂದಿಲ್ಲ. ತವರಮನಿ ಅಂದ್ರ ಗ್ವಾಡಿ ಅಲ್ಲ, ನಾನ." ಆಮೇಲೆ ತಾನೀಬಾಯಿಯ ಕಡೆ ತಿರುಗಿ, "ನೀನೂ ಹತ್ತ. ಉಡಿ ತುಂಬಿದಾಕಿ ನೀನೂ ಅದೀದಿ. ನೀ ಹಿಂದ ಉಳದ್ರ ಮತ್ತ ಕಳಿಸಿದಂಗ ಆಕ್ಕೈತಿ."

ತಾನೀಬಾಯಿ ಒಲೆಯ ಮೇಲಿನ ಹಾಲು ಇಳಿಸಿ, ಕೈ ಒರೆಸಿಕೊಂಡು, ಹತ್ತಿಯೇ ಬಿಟ್ಟಳು.

ಆ ಪ್ರಯಾಣದಂಥ ಪ್ರಯಾಣ ನಾನು ಮತ್ತೆ ಮಾಡಿಲ್ಲ. ಮುಂದೆ ಬಸಣ್ಣ ಕಾಕಾ, ಹಿಂದೆ ಒಬ್ಬಳು ಮೇಯರ್ ಉಮೇದುವಾರಳು, ಅವಳಿಗೆ ಎಡಬಲಕ್ಕೆ ಇಬ್ಬರು ತಾಯಂದಿರು, ನಡುವೆ ತುರುಕಿಕೊಂಡ ನಾನು. ರಸ್ತೆಯ ಎರಡೂ ಕಡೆ ಮಾವಿನಮರಗಳು ಬರುತ್ತಿದ್ದವು, ಹೋಗುತ್ತಿದ್ದವು. ಖಾನಾಪುರದ ಹತ್ತಿರ ಹಂಚಿನ ಭಟ್ಟಿಗಳ ಹೊಗೆ ಬೆಳಗಿನ ಮಂಜಿನ ಜೊತೆ ಕಲೆತು ನಿಂತಿತ್ತು, ಅದರೊಳಗಿನಿಂದ ಬಿಸಿಲು ಅರಿಷಿಣದ ಬಣ್ಣಕ್ಕೆ ಬರುತ್ತಿತ್ತು. ಮಲಪ್ರಭೆಯ ಸೇತುವೆ ಬಂದಾಗ ಅಮ್ಮ ಒಂದು ಎಲೆ ಅಡಿಕೆ ನೀರಿಗೆ ಎಸೆದು ಕೈ ಮುಗಿದಳು. ಒಂದು ಕೈ ಮಾತ್ರ. ಇನ್ನೊಂದು ಕೈಯಿಂದ ಅತ್ತೆಯ ಮಣಿಕಟ್ಟು ಹಿಡಿದಿದ್ದಳು. ಅದನ್ನು ಬೀಡಿಯಲ್ಲಿ ಹಿಡಿದವಳು ದಾರಿಯುದ್ದಕ್ಕೂ ಬಿಡಲಿಲ್ಲ. ನನಗೆ ನಿದ್ದೆ ಬಂದು, ಎಚ್ಚರಾಗಿ, ಮತ್ತೆ ನಿದ್ದೆ ಬಂತು. ಎಚ್ಚರಾದಾಗೆಲ್ಲ ಆ ಕೈ ಹಾಗೇ ಇತ್ತು.

ಸಭೆಯ ಬಾಗಿಲು ಹಾಕುವ ಹೊತ್ತಿಗೆ ಮುಟ್ಟಿದೆವು. ಅತ್ತೆ ಓಡಿ ಒಳಗೆ ಹೋದಳು, ಕೂದಲಲ್ಲಿ ಇನ್ನೂ ಶಾವಿಗೆಯ ಹಿಟ್ಟಿತ್ತು. ಗೋವೆಯಿಂದ ಬಂದವರೆಲ್ಲ ಹೊಸ ಅಂಗಿ ತೊಟ್ಟು ಕೂತಿದ್ದರು. ನಮ್ಮನ್ನು ನೋಡುವವರ ಬೆಂಚಿನ ಮೇಲೆ ಕೂರಿಸಿದರು. ಬೆಂಚು ಎತ್ತರ, ಅಮ್ಮನ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಅಧಿಕಾರಿಯೊಬ್ಬರು ಏನೇನೋ ಓದಿದರು. ಆಮೇಲೆ ಅತ್ತೆಯ ಹೆಸರು ಹೇಳಿ, ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದರು. ಕೈಗಳು ಎದ್ದವು. ಅತ್ತೆಯದೂ ಎದ್ದಿತು. ನನ್ನ ಬಾಜು ನೋಡುತ್ತೇನೆ, ಅಮ್ಮನೂ ತಾನೀಬಾಯಿಯೂ ನೆಟ್ಟಗೆ ಕೈ ಎತ್ತಿ ಕೂತಿದ್ದಾರೆ.

"ಅಜ್ಜೀ, ನಿಮಗಲ್ಲರೀ, ಕೈ ಇಳಸ್ರಿ," ಎಂದು ಜವಾನ ಬಂದು ಪಿಸುಗುಟ್ಟಿದ.

"ಯಾಕಪಾ? ನನಗ ಒಪ್ಪಿಗಿ ಐತಿ," ಎಂದಳು ಅಮ್ಮ. ಸಭೆಗೆಲ್ಲ ಕೇಳಿಸಿತು. ಎರಡೂ ಬಣದವರು ನಕ್ಕರು. ಅಧಿಕಾರಿಯೂ ನಕ್ಕರು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಎಣಿಸಿದರು. ಅಮ್ಮನ ಕೈ ಬಿಟ್ಟೂ ಅತ್ತೆ ಒಂದು ಕೈಯಿಂದ ಗೆದ್ದಳು.

ಅವಳಿಗೆ ಜರಿ ಅಂಚಿನ ನಿಲುವಂಗಿ ತೊಡಿಸಿದರು. ಅದು ಯಾವುದೋ ಎತ್ತರದ ಗಂಡಸಿನ ಅಳತೆಯದು, ಅತ್ತೆ ಅದರೊಳಗೆ ಮುಳುಗಿದ್ದಳು. "ಇಂಥಾ ಬ್ಯಾಸಿಗ್ಯಾಗ ಆಕಿಗೆ ಅದನ್ಯಾಕ ಹಾಕ್ಯಾರ?" ಎಂದು ಅಮ್ಮ ಸಂಕಟಪಟ್ಟಳು. ಎಲ್ಲರೂ ಎದ್ದು ನಿಂತರು. ಅಮ್ಮನೂ ಬೆಂಚಿನಿಂದ ಜಾರಿ ಇಳಿದು ನಿಂತಳು, ಸೆರಗನ್ನು ತಲೆಯ ಮೇಲೆ ಸರಿ ಮಾಡಿಕೊಂಡಳು. ಆ ಗಳಿಗೆಯಲ್ಲಿ ನನಗಾದ ಸಂತೋಷ ಇವತ್ತಿಗೂ ಎದೆಯಲ್ಲಿ ಬೆಚ್ಚಗಿದೆ.

ಶನಿವಾರ ಮುದುಕಿಯರಿಬ್ಬರೂ ಬಸ್ಸಿಗೆ ಹೊರಟರು. ಮೇಯರ್ ಕಾರಿನಲ್ಲಿ ಕಳಿಸುತ್ತೇನೆಂದು ಅತ್ತೆ ಅಂದರೆ, "ಆ ಕೆಂಪು ದೀಪದ ಗಾಡಿ ಬ್ಯಾಡ, ದವಾಖಾನಿಗೆ ಒಯ್ದಂಗ ಕಾಣತೈತಿ," ಎಂದು ಅಮ್ಮ ಒಪ್ಪಲಿಲ್ಲ. ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಬೆಳಗಾವಿಯ ಮೇಯರ್ ನಿಲ್ದಾಣದಲ್ಲಿ ನಿಂತು ಅತ್ತಳು. ಜನ ನೋಡುತ್ತಿದ್ದರು. ಅವಳಿಗೆ ಅದರ ಪರಿವೆ ಇರಲಿಲ್ಲ.

ಅತ್ತೆಯ ಅಧಿಕಾರ ಒಂದು ವರ್ಷದ್ದು. ಓಣಿಗೆ ನಳ ಬಂದವು, ಗುಡಿಯ ಹತ್ತಿರವೂ, ಬಾವಿಯ ತಿರುವಿನಲ್ಲೂ. ನೀರು ದಿನಾ ಬರಲಿಲ್ಲ, ಅದು ಬೇರೆ ಮಾತು. ಆಮೇಲೆ ಬೇರೆಯವರು ಮೇಯರ್ ಆದರು, ಅತ್ತೆ ಮತ್ತೆ ಹಂಚಿನ ಮುಂದೆ ಕೂತಳು. ತಾನೀಬಾಯಿ ಹೋದಳು, ಎರಡು ವರ್ಷಕ್ಕೆ ಅಮ್ಮನೂ ಹೋದಳು. ಈಗ ಖಾನಾವಳಿ ಇಲ್ಲ. ಓಣಿಯಲ್ಲಿ ಮನೆಮನೆಗೂ ನಳವಿದೆ, ಹಾಗಾಗಿ ಕೊಡ ಹಿಡಿದು ಯಾರೂ ಹೊರಗೆ ಬರುವುದಿಲ್ಲ, ಯಾರಿಗೆ ಯಾರೂ ನೀನೇ ನಿಲ್ಲು ಎಂದು ಹೇಳುವುದಿಲ್ಲ. ಮೇಯರ್ ಯಾರೆಂದು ನನಗೆ ಪತ್ರಿಕೆ ನೋಡಿಯೇ ಗೊತ್ತಾಗಬೇಕು. ನನ್ನ ಮಾತು ಬಿಡಿ, ನನ್ನ ಅಣ್ಣತಮ್ಮಂದಿರ ಮನೆಗಳಿಂದ ನಾನು ಯಾವ ವಾರ ಬೇಕಾದರೂ ಹೊರಡುತ್ತೇನೆ. ಎಷ್ಟು ಸುಲಭವಾಗಿದೆ ಎಂದು ಮೊದಮೊದಲು ಹಿಗ್ಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅತ್ತೆಯನ್ನು ಕರೆದುಕೊಂಡು ಬೀಡಿಗೆ ಹೋಗಿದ್ದೆ. ದೊಡ್ಡಪ್ಪನ ಮಗ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದ್ದಾನೆ. ಒಳ್ಳೆಯ ಹುಡುಗ. ಅವನ ಹೆಂಡತಿಯೂ ಒಳ್ಳೆಯವಳು, ಎರಡು ದಿನ ಅತ್ತೆಯ ಕಾಲಿಗೆ ಎಣ್ಣೆ ತಿಕ್ಕಿ, ಮೆತ್ತಗಿನ ಅನ್ನ ಮಾಡಿ ಉಣಿಸಿದಳು. ಮೂರನೆಯ ದಿನ ಮಧ್ಯಾಹ್ನ ಹೊರಟೆವು. ನಾನು ಚೀಲಗಳನ್ನೆಲ್ಲ ಕಾರಿನಲ್ಲಿಟ್ಟು ತಿರುಗಿ ನೋಡಿದರೆ ಅತ್ತೆ ಇನ್ನೂ ಹೊಸ್ತಿಲ ಒಳಗೇ ಇದ್ದಳು. ಕೋಲು ಊರಿಕೊಂಡು, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತ, ಸುಮ್ಮನೆ ನಿಂತಿದ್ದಳು.

"ಏನರ ಮರತ್ರೇನ್ರೀ ಅತ್ತಿ?" ಎಂದು ಆ ಹುಡುಗಿ ಕೇಳಿದಳು.

ಅವತ್ತು ಶುಕ್ರವಾರ. ನನಗೆ ಆಗ ಹೊಳೆಯಿತು. ಅಮ್ಮನ ಮಾತನ್ನು ನಾನೇ ಹೇಳಬಹುದಿತ್ತು, ಆದರೆ ನಾನು ಕರೆದೊಯ್ಯುವವಳು, ತಡೆಯುವ ಹಕ್ಕು ನನ್ನದಲ್ಲ.

"ಇಲ್ಲವಾ, ಏನೂ ಇಲ್ಲ," ಎಂದಳು ಅತ್ತೆ. ಮತ್ತೂ ಒಂದು ಗಳಿಗೆ ನಿಂತಳು. ಆಮೇಲೆ ತಾನೇ ಹೊಸ್ತಿಲು ದಾಟಿ ಬಂದು ಕಾರು ಹತ್ತಿದಳು. ಯಾರೂ ತಡೆಯಲಿಲ್ಲ.